ಕೊಲೊನಿಯಾಕ್ಕೆ, ಸುಲ್ಮಾ ಜೊತೆ

ಶನಿವಾರ ಇನ್ನೂ ಕಣ್ಣು ಬಿಟ್ಟಿರಲಿಲ್ಲ.
ನನ್ನ ಪಿಕಪ್ಪಿನ ಹಿಂದೆ
ಇಳಿಸಲು ಮರೆತ ಎರಡು ಫ್ರಿಜ್ಜಿನ ಕಂಪ್ರೆಸರು
ತಿರುವು ಸಿಕ್ಕಲ್ಲೆಲ್ಲ ಡಿಕ್ಕಿ ಹೊಡೆದು ಜಗಳಾಡುತ್ತಿದ್ದವು.
ಪಕ್ಕದಲ್ಲಿ ಸುಲ್ಮಾ, ಕಂಕುಳಲ್ಲಿ ಥರ್ಮಾಸು,
ಸೋರೆಬುರುಡೆಯಲ್ಲಿ ಮಾತೆ ಎಲೆಯ ಕಹಿ ಕಷಾಯ.
ತನಗೊಂದು ಗುಟುಕು, ನನಗೊಂದು.
ಒಂದೇ ಕೊಳವೆ, ನಲವತ್ತು ವರ್ಷದ ಎಂಜಲು.

"ಹಳೇ ಕಾರು ನೋಡೋಕೆ ಅಷ್ಟು ದೂರವಾ?" ಅಂದಿದ್ದೆ.
"ಕಾರುಗಳನ್ನಲ್ಲ. ಒಂದನ್ನ" ಅಂದಿದ್ದಳು.

ತಕ್ವರೆಂಬೊ ದಾಟಿದರೆ ರಸ್ತೆ ಮೂಗಿ.
ಹಸು, ಬೇಲಿ, ನೀಲಗಿರಿ ಸಾಲು,
ಹಸು, ಬೇಲಿ.
ರಿಯೊ ನೆಗ್ರೊ ಸೇತುವೆಯ ಮೇಲೆ
ಗಾಜು ಇಳಿಸಿ ನದಿಯ ಗಾಳಿಗೆ ಮುಖ ಕೊಟ್ಟಳು,
ಅಲ್ಲಿಂದ ಬಾಯಿ ಬಿಟ್ಟಳು.

ಅಪ್ಪನ ಸ್ಟೂಡಿಬೇಕರು, ಐವತ್ತೊಂದರದು.
ವಿಮಾನದ ಮೂತಿಯಂಥ ಮೂಗು, ಪಾಚಿ ಬಣ್ಣ.
ಅಪ್ಪ ಬಾರಿನೊಳಗೆ ಇಸ್ಪೀಟಿಗೆ ಕೂತ ರಾತ್ರಿಗಳಲ್ಲಿ
"ಐದೇ ನಿಮಿಷ" ಅನ್ನುವ ಮಾತನ್ನು ಕಾಯುತ್ತ
ಒಂಬತ್ತರ ಹುಡುಗಿ ಒಳಗೆ ಒಬ್ಬಳೇ.
ಒಮ್ಮೆ ತಲೆಯ ಪಿನ್ನು ಕಿತ್ತು
ಡ್ಯಾಶ್‌ಬೋರ್ಡಿನ ಪುಟ್ಟ ಖಾನೆಯ ಮುಚ್ಚಳದ ಒಳಬದಿಗೆ
ಹೆಸರು ಕೆತ್ತತೊಡಗಿದಳು:
ಸುಲ್
ಅಷ್ಟರಲ್ಲಿ ಬೂಟಿನ ಸದ್ದು.
ಮಾ ಪಿನ್ನಿನಲ್ಲೇ ಉಳಿಯಿತು.

ಮರುವಾರ ಅಮ್ಮನ ಆಪರೇಷನ್ನು.
ಕಾರು ಹೋಯಿತು, ಅಮ್ಮ ಉಳಿದಳು.
"ನ್ಯಾಯವಾದ ವ್ಯಾಪಾರ" ಅಂದಳು
ನಾನೇನೋ ಅಲ್ಲವೆಂದು ವಾದಿಸಿದ ಹಾಗೆ.

ಕೊಲೊನಿಯಾದ ಕಲ್ಲುಹಾಸಿನ ಮೇಲೆ, ಮರಗಳ ಕೆಳಗೆ,
ಮದುವೆಮನೆಯ ಮುಂದಿನ ಸಾಲಿನ ಅಜ್ಜಂದಿರಂತೆ
ಸಾಲಾಗಿ ಕೂತಿದ್ದವು ಕಾರುಗಳು.
ಉದುರಿದ ಎಲೆಯನ್ನೂ ಬಾನೆಟ್ಟಿನ ಮೇಲೆ ಬಿಡದೆ
ಒರೆಸುವ ಬಟ್ಟೆ ಹಿಡಿದ ಗಂಡಸರು.
ಒಬ್ಬ ತನ್ನ ಮಗನನ್ನೇ ಗದರುತ್ತಿದ್ದ, ಮುಟ್ಟಬೇಡ.

ಸುಲ್ಮಾಳ ಕೈಚೀಲದಲ್ಲಿ ಮಾರಾಟದ ಚೀಟಿ, ಎಂಜಿನ್ ನಂಬರು.
ಎರಡು ಸಲ ಹೋಲಿಸಿ ನೋಡಿ ಮಡಚಿಟ್ಟಳು.
ಕಾರಿನ ಯಜಮಾನ ಹಲ್ಲಿನ ಡಾಕ್ಟರಂತೆ,
ಮುಂದಿನ ಕ್ರೋಮು ನೋಡಿದರೆ ಕೇಳಬೇಕಿರಲಿಲ್ಲ.
"ಹನ್ನೊಂದು ವರ್ಷ. ಒಂದೊಂದು ಮೊಳೆ ಹುಡುಕಿ ತಂದಿದ್ದೇನೆ.
ಎಲ್ಲಾದರೂ ಒಂದು ಗೀರು ತೋರಿಸಿ ನೋಡೋಣ!"
"ಹಸಿರಿತ್ತಲ್ಲ?"
"ಅದು ಯಾರೋ ಆಮೇಲೆ ಬಳಿದದ್ದು, ಅಮ್ಮಾ.
ಕೆರೆದರೆ ಕೆಳಗೆ ಈ ಕೆನೆಬಣ್ಣ. ಇದೇ ಅಸಲಿ."

ಯಾರೋ. ಅವಳ ಅಪ್ಪನಿಗೆ
ಅವತ್ತು ಬಿದ್ದ ಹೆಸರು ಅದು.

ಕೂರಬಹುದೇ ಎಂದು ಕೇಳಿದಳು.
ನಿಯಮ ಹೇಳಲು ಬಾಯಿ ತೆರೆದವನು
ಅವಳ ಮಂಡಿ ನೋಡಿ, "ಎರಡು ನಿಮಿಷ" ಅಂದ.
"ಐದು" ಅಂದಳು ಸುಲ್ಮಾ.
ಅವನು ಫೋಟೊಗೆ ತಿರುಗಿದ.
ಅವಳು ಖಾನೆಯ ಮುಚ್ಚಳ ತೆರೆದಳು,
ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ ಮಗುವಿನ ಹಾಗೆ
ಕಣ್ಣು ಮಾತ್ರ ಬೇರೆಲ್ಲೋ ಇಟ್ಟು.
ಬೆರಳು ಒಳಗೆ ಬಹಳ ಹೊತ್ತು ನಡೆಯಿತು.
ಆಮೇಲೆ ಟಕ್, ಮುಚ್ಚಿತು.

ಭಾನುವಾರ ಸಂಜೆ ನದಿಯ ಆಚೆ
ಬ್ಯೂನಸ್ ಐರಿಸ್ ದೀಪಗಳು ಒಂದೊಂದೇ ಹೊತ್ತುವಾಗ
ಊರು ಬಿಟ್ಟೆವು. ತಡೆಯಲಾರದೆ ಕೇಳಿದೆ,
"ಇತ್ತಾ?"
"ನೀರು ಆರಿದೆ, ಅದೆಮಾರ್. ಎಲ್ಲಾದರೂ ನಿಲ್ಲಿಸು."

ಪೆಟ್ರೋಲು ಬಂಕಿನಲ್ಲಿ ಬಿಸಿನೀರಿಗೆ ಸಾಲು.
ಐದೇ ನಿಮಿಷ ಅಂದು ಹೋಗಿದ್ದೆ, ಇಪ್ಪತ್ತಾಯಿತು.
ಬಂದು ನೋಡಿದರೆ ಅವಳು ನನ್ನ ಸೀಟಿನಲ್ಲಿ,
ಒಂದು ಕಡೆಯ ಕೂದಲು ಬಿಚ್ಚಿ ಕೆನ್ನೆಗೆ ಬಿದ್ದಿತ್ತು.
ನಾನು ಮತ್ತೇನೂ ಕೇಳಲಿಲ್ಲ,
ಆ ಕಡೆಯ ಬಾಗಿಲಿಂದ ಹತ್ತಿ ಕೂತೆ.

ಕಂಪ್ರೆಸರುಗಳು ಜಗಳ ಮುಂದುವರಿಸಿದವು.
ಅವಳೇ ಓಡಿಸಿದಳು, ದುರಾಜ್ನೊವರೆಗೆ,
ಇಡೀ ದಾರಿ ಮೂರನೇ ಗೇರಿನಲ್ಲಿ.